ಸಿಕ್ಕಿದ್ದು ಯಾರದು?

ನಮ್ಮ ಮನೆಯ ದೇವರ ಗೂಡಿನಲ್ಲಿ, ಹಿತ್ತಾಳೆಯ ಸಂಪುಟದೊಳಗೆ, ನೆಲ್ಲಿಕಾಯಿಯಷ್ಟು ದೊಡ್ಡದಾದ ಒಂದು ಸಾಲಿಗ್ರಾಮವಿದೆ. ನಾನು ಊರು ಬಿಟ್ಟು ಮುಂಬಯಿಗೆ ಹೊರಟಾಗ ತಂದೆಯವರು ಮಡಿಬಟ್ಟೆಯಲ್ಲಿ ಸುತ್ತಿ ಕೈಗೆ ಕೊಟ್ಟದ್ದು. ಎರಡು ಕೋಣೆಯ ಮನೆಗಳನ್ನು ಎಷ್ಟು ಸಲ ಬದಲಾಯಿಸಿದರೂ ಮೊದಲು ಒಳಗೆ ಬರುತ್ತಿದ್ದುದು ಅದೇ. ಕಳೆದ ಬೇಸಿಗೆ ರಜೆಯಲ್ಲಿ ಮೊಮ್ಮಗಳು ಅದನ್ನು ನೋಡಿ, “ಅಜ್ಜ, ಇದು ಅಮೊನೈಟ್! ನನ್ನ ಪುಸ್ತಕದಲ್ಲಿ ಇದರ ಚಿತ್ರವಿದೆ. ಇದು ಯಾರಿಗೆ ಸಿಕ್ಕಿತು?” ಎಂದಳು. “ನಮ್ಮಪ್ಪ ಕೊಟ್ಟರು” ಎಂದೆ. “ಕೊಟ್ಟವರು ಯಾರೆಂದು ಕೇಳಲಿಲ್ಲ, ಸಿಕ್ಕಿದ್ದು ಯಾರಿಗೆ?” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಸಾಲಿಗ್ರಾಮ ನೇಪಾಳದ ಕಾಳಿಗಂಡಕಿ ನದಿಯಲ್ಲಿ ದೊರೆಯುವ ಕಲ್ಲೆಂದು ನಾವೆಲ್ಲ ಬಲ್ಲೆವು. ಅದರೊಳಗಿನ ಚಕ್ರ ಅಮೊನೈಟ್ ಎಂಬ ಕಡಲಜೀವಿಯ ಸುರುಳಿ ಚಿಪ್ಪಿನ ಗುರುತು ಎಂದು ಭೂವಿಜ್ಞಾನಿಗಳು ಹೇಳುತ್ತಾರೆ. ಹಿಮಾಲಯ ತಲೆಯೆತ್ತುವುದಕ್ಕೆ ಮೊದಲು ಅಲ್ಲಿ ಟೆಥಿಸ್ ಎಂಬ ಸಾಗರವಿತ್ತು. ಈ ಜೀವಿ ಅದರಲ್ಲಿ ಈಜಾಡಿಕೊಂಡಿತ್ತು. ಇದನ್ನು ತಿಳಿದ ಮಾತ್ರಕ್ಕೆ ಪೂಜೆಗೆ ಯಾವ ಅಡ್ಡಿಯೂ ಇಲ್ಲವೆಂದು ನನ್ನ ಭಾವನೆ. “ಸಾಲಿಗ್ರಾಮಕ್ಕೆ ಬೆಲೆ ಕಟ್ಟಬಾರದು, ಕೊಳ್ಳುವುದೂ ದೋಷ, ಮಾರುವುದೂ ದೋಷ” ಎಂದು ತಂದೆಯವರು ಹೇಳುತ್ತಿದ್ದರು. ಹಣದ ಮಾತೇ ಇಲ್ಲದ ಕಡೆ ಅನ್ಯಾಯದ ಮಾತೆಲ್ಲಿಂದ ಬಂದೀತು ಎಂದು ನಾನು ನಿಶ್ಚಿಂತನಾಗಿದ್ದೆ. ಆದರೆ ಎಲ್ಲಿಯೋ ಒಂದು ಕೈ ಆ ತಣ್ಣೀರಿಗೆ ಇಳಿದು ಇದನ್ನು ಮೇಲೆತ್ತಿರಬೇಕಲ್ಲವೆ? ಆ ಕೈಗೆ ನಾವು ಏನಾದರೂ ಸಲ್ಲಿಸಬೇಕಾದದ್ದುಂಟೆ?

ಮೊಮ್ಮಗಳ ಪುಸ್ತಕವನ್ನು ತಿರುವಿಹಾಕುತ್ತ ಹೋದಾಗ ಇದೇ ಪ್ರಶ್ನೆ ಇನ್ನೊಂದು ನೆಲದಲ್ಲಿ, ಬಹಳ ದೊಡ್ಡದಾಗಿ ಎದ್ದುನಿಂತದ್ದು ಕಂಡಿತು. ಇಂಗ್ಲೆಂಡಿನ ದಕ್ಷಿಣ ತೀರದಲ್ಲಿ ಲೈಮ್ ರೀಜಿಸ್ ಎಂಬ ಸಣ್ಣ ಊರಿದೆ. ಅಲ್ಲಿಯ ಕಡಲ ದಂಡೆಯ ಬಂಡೆಗಳು ಸುಣ್ಣಕಲ್ಲು ಮತ್ತು ಜೇಡಿಪದರ ಒಂದರ ಮೇಲೊಂದು ಕುಳಿತು ಆದವು. ವಯಸ್ಸು ಸುಮಾರು 20 ಕೋಟಿ ವರ್ಷ. ಚಳಿಗಾಲದ ಮಳೆಗೂ ಅಲೆಗೂ ಅವು ಕುಸಿದಾಗ ಒಳಗಿನ ಪಳೆಯುಳಿಕೆಗಳು ಹೊರಬೀಳುತ್ತವೆ. ಆ ಊರಿನ ಬಡಗಿ ರಿಚರ್ಡ್ ಆನಿಂಗ್ ಬಿಡುವಿನಲ್ಲಿ ಅವನ್ನು ಆಯ್ದು, ಬಂದುಹೋಗುವ ಪ್ರವಾಸಿಗರಿಗೆ ಮಾರುತ್ತಿದ್ದ. ಮಕ್ಕಳಾದ ಜೋಸೆಫ್ ಮತ್ತು ಮೇರಿ ಅವನ ಹಿಂದೆ ಹೋಗಿ ಕಸುಬು ಕಲಿತರು. 1810ರಲ್ಲಿ ಆತ ತೀರಿಕೊಂಡಾಗ ಮನೆಯಲ್ಲಿ ಉಳಿದದ್ದು ಸಾಲ.

ಮರುವರ್ಷ, 1811ರಲ್ಲಿ, ಜೋಸೆಫನಿಗೆ ಬಂಡೆಯಲ್ಲಿ ಒಂದು ವಿಚಿತ್ರ ತಲೆಬುರುಡೆ ಕಂಡಿತು. ಉದ್ದ ಸುಮಾರು ನಾಲ್ಕು ಅಡಿ. ಜನ ಮೊಸಳೆಯೆಂದರು. ಅದರ ಉಳಿದ ಅಸ್ಥಿಗಳನ್ನು ಹುಡುಕಿ ತೆಗೆದವಳು ತಂಗಿ ಮೇರಿ. ಆಗ ಅವಳಿಗೆ ಹನ್ನೆರಡು-ಹದಿಮೂರು ವರ್ಷ. ಊರಿನ ಜಮೀನುದಾರ ಅದನ್ನು 23 ಪೌಂಡಿಗೆ ಕೊಂಡ. ಅವನಿಂದ ಅದು ಲಂಡನ್ನಿನ ಒಂದು ಪ್ರದರ್ಶನಾಲಯಕ್ಕೆ ಹೋಯಿತು. 1819ರಲ್ಲಿ ಹರಾಜಾಗಿ 45 ಪೌಂಡು ಚಿಲ್ಲರೆಗೆ ಬ್ರಿಟಿಷ್ ಮ್ಯೂಸಿಯಂ ಸೇರಿತು. ನಡುವೆ, 1814ರಲ್ಲಿ, ಎವರಾರ್ಡ್ ಹೋಮ್ ಎಂಬ ದೊಡ್ಡ ವೈದ್ಯರು ಅದರ ಮೇಲೆ ಪ್ರಬಂಧ ಬರೆದರು. 1817ರಲ್ಲಿ ‘ಇಕ್ತಿಯೊಸಾರಸ್’ ಎಂಬ ಹೆಸರು ಬಂತು. ನಮ್ಮ ಮಾತಿನಲ್ಲಿ ಮೀನುಹಲ್ಲಿ ಎನ್ನಬಹುದು. ಸತ್ತು ಕೋಟ್ಯಂತರ ವರ್ಷಗಳಾದ ಪ್ರಾಣಿಗೆ ಹೆಸರು ಸಿಕ್ಕಿತು. ಅದನ್ನು ಹುಡುಕಿದ ಮಕ್ಕಳ ಹೆಸರು ಮಾತ್ರ ಆ ಪ್ರಬಂಧದಲ್ಲಿರಲಿಲ್ಲ.

1823ರ ಡಿಸೆಂಬರಿನಲ್ಲಿ ಮೇರಿಗೆ ಪ್ಲೀಸಿಯೊಸಾರಸ್ ಎಂಬ ನೀಳಕೊರಳಿನ ಕಡಲ ಸರೀಸೃಪದ ಪೂರ್ಣ ಅಸ್ಥಿಪಂಜರವೇ ದೊರೆಯಿತು. ಕೊರಳು ಅಷ್ಟು ಉದ್ದವಿರುವುದು ಸಾಧ್ಯವೆ, ಇದು ಜೋಡಿಸಿದ ಮೋಸವಿರಬಹುದೆ ಎಂದು ಫ್ರಾನ್ಸಿನ ಮಹಾಪಂಡಿತ ಕುವಿಯೆ ಸಂಶಯಪಟ್ಟರು. ಬಡವಳ ಅನ್ನವೇ ಆ ಒಂದು ಸಂಶಯದ ಮೇಲೆ ನಿಂತಿತ್ತು. ಪರೀಕ್ಷಿಸಿದಾಗ ಮೋಸವಿರಲಿಲ್ಲ, ಕುವಿಯೆ ತಪ್ಪೊಪ್ಪಿಕೊಂಡರು. 1824ರಲ್ಲಿ ಲಂಡನ್ನಿನ ಭೂವಿಜ್ಞಾನ ಸಂಘದಲ್ಲಿ ಕಾನಿಬೇರ್ ಅವರು ಈ ಪ್ರಾಣಿಯನ್ನು ವರ್ಣಿಸಿದರು. ಅಲ್ಲಿಯೂ ಮೇರಿಯ ಹೆಸರಿಲ್ಲ. ಆ ಸಂಘಕ್ಕೆ ಹೆಂಗಸರನ್ನು ಸದಸ್ಯರಾಗಿ ಸೇರಿಸಿಕೊಂಡದ್ದೇ 1919ರಲ್ಲಿ. ಮೇರಿ ತೀರಿಕೊಂಡದ್ದು 1847ರಲ್ಲಿ.

ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ ಎಂದು ನಿಟ್ಟುಸಿರಿಟ್ಟು ಪುಸ್ತಕ ಮುಚ್ಚಿಬಿಡಬಹುದು. ಆದರೆ ಇಲ್ಲಿ ತಪ್ಪು ಎಲ್ಲಿದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಮಾರಿದ್ದು ತಪ್ಪೆ? ಮೇರಿ ಮಾರದಿದ್ದರೆ ತಾಯಿ-ಮಕ್ಕಳು ಉಪವಾಸ ಬೀಳುತ್ತಿದ್ದರು. ನಮ್ಮ ತಂದೆಯವರ ನಿಯಮವನ್ನು ಅವಳ ಮೇಲೆ ಹೇರಲು ನನಗೆ ಮನಸ್ಸಿಲ್ಲ. ಬೆಲೆ ಕಟ್ಟಬಾರದೆಂಬ ಮಾತು ಉಂಡ ಮನೆಗೆ ಶೋಭಿಸುತ್ತದೆ.

ಹಾಗಾದರೆ ಭೂಮಿಯೊಳಗಿನದನ್ನು ಕಿತ್ತದ್ದೇ ತಪ್ಪೆ? ಇದ್ದದ್ದನ್ನು ಇದ್ದಲ್ಲಿ ಬಿಡುವುದು ಸಾಮಾನ್ಯವಾಗಿ ಒಳ್ಳೆಯ ನೀತಿ. ಆದರೆ ಲೈಮ್ ತೀರದಲ್ಲಿ ಬಿಟ್ಟ ಮೂಳೆಯನ್ನು ಸಮುದ್ರ ಬಿಡುವುದಿಲ್ಲ. ಕೆಲವೇ ಭರತಗಳಲ್ಲಿ ಅರೆದು ಮರಳು ಮಾಡಿಬಿಡುತ್ತದೆ. ಅಲ್ಲಿ ಎತ್ತಿಕೊಳ್ಳುವುದು ಅಪಹರಣವಲ್ಲ, ಉಳಿಸುವಿಕೆ. ಅದಕ್ಕೆ ತೆರಬೇಕಾದ ಬೆಲೆಯೂ ಉಂಟು. 1833ರಲ್ಲಿ ಗುಡ್ಡ ಕುಸಿದು ಮೇರಿಯ ಪ್ರೀತಿಯ ನಾಯಿ ಟ್ರೇ ಅವಳ ಕಾಲ ಬಳಿಯಲ್ಲೇ ಸತ್ತಿತು. ಅವಳು ಕೂದಲೆಳೆಯಲ್ಲಿ ಉಳಿದಳು.

ಸಂಗ್ರಾಹಕರಲ್ಲಿಯೂ ಎಲ್ಲರೂ ಒಂದೇ ತೆರನಲ್ಲ. ತಾಮಸ್ ಹಾಕಿನ್ಸ್ ಎಂಬಾತ ಕಡಲ ಸರೀಸೃಪಗಳನ್ನು ರಾಶಿರಾಶಿಯಾಗಿ ಕೂಡಿಸಿದ. ಒಡೆದ, ಕಳೆದ ಮೂಳೆಗಳ ಜಾಗಕ್ಕೆ ಗಾರೆ ಮೆತ್ತಿ ಅಂದ ಮಾಡಿದ. 1834ರಲ್ಲಿ ಬ್ರಿಟಿಷ್ ಮ್ಯೂಸಿಯಂ ಅವನ ಸಂಗ್ರಹವನ್ನು ಸುಮಾರು 1,300 ಪೌಂಡಿಗೆ ಕೊಂಡ ಮೇಲೆ ಗಾರೆಯ ಗುಟ್ಟು ರಟ್ಟಾಯಿತು. ಇರುವಂತೆ ಇಡದೆ, ಇರಬೇಕೆಂದು ತಾನು ಕಲ್ಪಿಸಿಕೊಂಡಂತೆ ಮಾಡುವ ಮನುಷ್ಯ ಎಂಬರ್ಥದ ಮಾತನ್ನು ಮೇರಿ ಅವನ ಬಗ್ಗೆ ಆಡಿದ್ದಳು. ಇನ್ನೊಬ್ಬರು ನಿವೃತ್ತ ಸೇನಾಧಿಕಾರಿ ತಾಮಸ್ ಬರ್ಚ್. ಆನಿಂಗ್ ಕುಟುಂಬ ಬಾಡಿಗೆ ಕಟ್ಟಲು ಮನೆಯ ಸಾಮಾನು ಮಾರುವ ಸ್ಥಿತಿಗೆ ಬಂದದ್ದನ್ನು ಕಂಡು, ಅವರಿಂದ ಕೊಂಡ ಪಳೆಯುಳಿಕೆಗಳಿದ್ದ ತನ್ನ ಸಂಗ್ರಹವನ್ನು 1820ರಲ್ಲಿ ಲಂಡನ್ನಿನಲ್ಲಿ ಹರಾಜು ಹಾಕಿಸಿ, ಬಂದ ಸುಮಾರು 400 ಪೌಂಡನ್ನು ಅವರಿಗೇ ಕೊಟ್ಟರು. ಇಬ್ಬರೂ ಸಂಗ್ರಾಹಕರೇ. ಒಬ್ಬ ತನ್ನಲ್ಲಿದ್ದುದನ್ನು ಸುಳ್ಳಿನಿಂದ ತುಂಬಿದ. ಇನ್ನೊಬ್ಬ ತನ್ನಲ್ಲಿದ್ದುದನ್ನು ಕೊಟ್ಟು ಋಣ ತೀರಿಸಿದ.

ಇಲ್ಲಿ ನನಗೆ ಒಂದು ವಿಚಾರ ಹೊಳೆಯುತ್ತದೆ. ಸಿಕ್ಕಿದ್ದು ಯಾರದು ಎಂಬ ಪ್ರಶ್ನೆಗೆ ಒಡೆತನದ ಉತ್ತರ ಹುಡುಕಿದರೆ ಅದು ಮುಗಿಯುವುದೇ ಇಲ್ಲ. ನೆಲದವನದೆ, ಕಂಡವನದೆ, ಕೊಂಡವನದೆ, ಅರ್ಥ ಮಾಡಿಕೊಂಡವನದೆ? ನಾಲ್ವರಿಗೂ ಒಂದಿಷ್ಟು ಪಾಲುಂಟು. 20 ಕೋಟಿ ವರ್ಷ ಕಲ್ಲಿನೊಳಗೆ ಮಲಗಿದ್ದ ಜೀವಿಗೆ ನಾವು ಐವತ್ತೋ ಅರವತ್ತೋ ವರ್ಷ ಒಡೆಯರೆಂದು ಹೇಳಿಕೊಳ್ಳುವುದೇ ಒಂದು ತಮಾಷೆ. ಆದ್ದರಿಂದ ಯಾರದು ಎನ್ನುವುದಕ್ಕಿಂತ, ಅದು ನಮ್ಮ ಕೈಯಲ್ಲಿರುವಷ್ಟು ಕಾಲ ನಮ್ಮ ಕರ್ತವ್ಯವೇನು ಎಂದು ಕೇಳುವುದು ಮೇಲು. ಆ ಕರ್ತವ್ಯ ಲೆಕ್ಕ ಒಪ್ಪಿಸುವುದು: ಎಲ್ಲಿ ಸಿಕ್ಕಿತು, ಯಾವ ಪದರದಲ್ಲಿ, ಯಾರ ಕೈಗೆ.

ಪದರದ ಮಾತು ಪಂಡಿತರ ಗೊಡವೆಯೆಂದು ತಳ್ಳಿಹಾಕುವಂತಿಲ್ಲ. ಮೂಳೆ ತನ್ನ ವಯಸ್ಸನ್ನು ತಾನೇ ಹೇಳದು. ಅದು ಕುಳಿತಿದ್ದ ಪದರ ಹೇಳಬೇಕು. ಜುರಾಸಿಕ್ ಕಾಲದ ಪದರಗಳನ್ನು ಗುರುತಿಸುವುದು ಮುಖ್ಯವಾಗಿ ಯಾವುದರಿಂದ ಬಲ್ಲಿರಾ? ನಮ್ಮ ಸಾಲಿಗ್ರಾಮದ ಬಳಗದ ಅಮೊನೈಟುಗಳಿಂದ. 2017ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಜಿ.ವಿ.ಆರ್. ಪ್ರಸಾದ್ ಮತ್ತು ಸಂಗಡಿಗರು ಗುಜರಾತಿನ ಕಛ್‌ನಲ್ಲಿ, ಲೋಡಾಯಿ ಹಳ್ಳಿಯ ಬಳಿ ದೊರೆತ ಸುಮಾರು ಹದಿನೆಂಟು ಅಡಿ ಉದ್ದದ ಇಕ್ತಿಯೊಸಾರ್ ಒಂದನ್ನು ಪ್ರಕಟಿಸಿದರು. ವಯಸ್ಸು ಸುಮಾರು 15 ಕೋಟಿ ವರ್ಷ. ಯಾರೋ ಅದರ ಬೆನ್ನುಮೂಳೆಯ ನಾಲ್ಕು ತುಂಡುಗಳನ್ನು ಕಿತ್ತು ಷೋಕೇಸಿನಲ್ಲಿ ಇಟ್ಟಿದ್ದರೆ ಅವು ಬರಿಯ ಕಲ್ಲುಗಳಾಗುತ್ತಿದ್ದವು.

ಲೈಮ್‌ನ ತೀರದಲ್ಲಿ ಈಗ ಒಂದು ಒಪ್ಪಂದದ ಪದ್ಧತಿಯಿದೆ. ಮಹತ್ವದ ಪಳೆಯುಳಿಕೆ ಸಿಕ್ಕವರು ಅದನ್ನು ದಾಖಲು ಮಾಡಿಸಬೇಕು. ವಸ್ತು ಕಂಡವರದೇ ಆಗಿ ಉಳಿಯುತ್ತದೆ. 2020ರಲ್ಲಿ ಸಾಮರ್ಸೆಟ್ ತೀರದಲ್ಲಿ ರೂಬಿ ರೆನಾಲ್ಡ್ಸ್ ಎಂಬ ಹನ್ನೊಂದು ವರ್ಷದ ಹುಡುಗಿಗೂ ಅವಳ ತಂದೆಗೂ ಭಾರಿ ದವಡೆಯ ಮೂಳೆಯ ತುಂಡುಗಳು ಕಂಡವು. ಸುಮಾರು 80 ಅಡಿ ಉದ್ದವಿದ್ದಿರಬಹುದಾದ ಇಕ್ತಿಯೊಸಾರ್ ಅದು. 2024ರಲ್ಲಿ ಅದಕ್ಕೆ ಹೆಸರಿಟ್ಟು ಪ್ರಬಂಧ ಪ್ರಕಟವಾದಾಗ ಲೇಖಕರ ಪಟ್ಟಿಯಲ್ಲಿ ವಿಜ್ಞಾನಿಗಳ ಜೊತೆಗೆ ರೂಬಿ ಮತ್ತು ಅವಳ ತಂದೆಯ ಹೆಸರೂ ಇದ್ದವು. ಮೇರಿಗೆ ಸಲ್ಲದೆ ಉಳಿದದ್ದು ಇನ್ನೂರು ವರ್ಷಗಳ ಮೇಲೆ, ಅವಳದೇ ವಯಸ್ಸಿನ ಇನ್ನೊಂದು ಹುಡುಗಿಗೆ ಸಂದಿತು.

ಹಾಗೆಂದು ನಾವು ಬಹಳ ಹಿಗ್ಗಬೇಕಾಗಿಲ್ಲ. 2022ರಲ್ಲಿ ಲೈಮ್‌ನಲ್ಲಿ ಮೇರಿಯ ಪ್ರತಿಮೆ ನಿಂತಿತು, ಸಂತೋಷ. ಆದರೆ ಆ ತಲೆಬುರುಡೆಯನ್ನು ಮೊದಲು ಕಂಡ ಅಣ್ಣ ಜೋಸೆಫನನ್ನು ಎಷ್ಟು ಜನ ನೆನೆಯುತ್ತಾರೆ? ಬಂಡೆಯನ್ನು ಅಗೆದ ಕೂಲಿಯವರನ್ನು? ಮರೆತವರನ್ನು ನೆನೆಯುವಾಗಲೂ ನಾವು ಇನ್ನು ಕೆಲವರನ್ನು ಮರೆಯುತ್ತಲೇ ಇರುತ್ತೇವೆ. ನಮ್ಮ ಸಂಘಗಳ ರಾಜ್ಯೋತ್ಸವದ ಸ್ಮರಣ ಸಂಚಿಕೆಗಳನ್ನೇ ತೆಗೆದು ನೋಡಿ. ಅಧ್ಯಕ್ಷರು, ಅತಿಥಿಗಳು, ದಾನಿಗಳು ಎಲ್ಲರೂ ಇದ್ದಾರೆ. ರಾತ್ರಿ ಹನ್ನೆರಡಕ್ಕೆ ಕುರ್ಚಿ ಮಡಚಿಟ್ಟ ಹುಡುಗರೂ ಇನ್ನೂರು ಜನಕ್ಕೆ ಅಡಿಗೆ ಮಾಡಿದ ಕೈಗಳೂ ‘ಹಾಗೂ ಇತರರು’ ಎಂಬ ಎರಡು ಪದಗಳಲ್ಲಿ ಅಡಗಿಹೋಗಿದ್ದಾರೆ. ನಾನೂ ಅಂಥ ಸಂಚಿಕೆಗಳಿಗೆ ಕೆಲಸ ಮಾಡಿದವನೇ. ಆ ಎರಡು ಪದಗಳನ್ನು ನಾನೂ ಬರೆದಿದ್ದೇನೆ.

ರಜೆ ಮುಗಿಯುವ ಮೊದಲು ಮೊಮ್ಮಗಳು ಒಂದು ಚೀಟಿ ಬರೆದಳು. ನಾನು ಹೇಳುತ್ತ ಹೋದೆ: ನನಗೆ ನಮ್ಮ ತಂದೆಯವರು ಕೊಟ್ಟದ್ದು, ಅವರಿಗೆ ನಮ್ಮ ಅಜ್ಜ, ಅಜ್ಜನಿಗೆ ಅವರ ಸೋದರಮಾವ, ಅವರಿಗೆ ಉತ್ತರದಿಂದ ಬಂದ ಯಾತ್ರಿಕರೊಬ್ಬರು. ಕೊನೆಯ ಸಾಲಿನಲ್ಲಿ ಅವಳು ‘ನದಿಯಿಂದ ಎತ್ತಿದವರು’ ಎಂದು ಬರೆದು ನನ್ನ ಮುಖ ನೋಡಿದಳು. “ಗೊತ್ತಿಲ್ಲ. ಆದರೆ ಆ ಸಾಲು ಹೊಡೆಯಬೇಡ, ಜಾಗ ಖಾಲಿ ಬಿಡು” ಎಂದೆ. ಚೀಟಿ ಈಗ ಸಂಪುಟದ ಕೆಳಗಿದೆ. ಪೂಜೆಗೆ ಕೂತಾಗ ಆ ಖಾಲಿ ಜಾಗಕ್ಕೂ ಒಂದು ದಳ ತುಳಸಿ ಸಲ್ಲುತ್ತದೆ.