ನೋವಿಗೆ ಅಂಕ ಹಾಕಬಹುದೇ?



1967ರಲ್ಲಿ ಅಮೆರಿಕದ ಮನೋವೈದ್ಯರಾದ ಹೋಮ್ಸ್ ಮತ್ತು ರಾಹೆ ಬದುಕಿನ 43 ಘಟನೆಗಳಿಗೆ ಅಂಕ ಹಾಕಿದರು: ಬಾಳಸಂಗಾತಿಯ ಸಾವಿಗೆ 100, ಮದುವೆಗೆ 50, ಕ್ರಿಸ್‌ಮಸ್ ಹಬ್ಬಕ್ಕೂ 12! ಮೊತ್ತ ಹೆಚ್ಚಿದಷ್ಟೂ ಕಾಯಿಲೆಯ ಸಾಧ್ಯತೆ ಹೆಚ್ಚು ಎಂದರು. ಮುಂದೆ ಇಂಥ ಪಟ್ಟಿಗಳನ್ನು ಕುಡಿತದ ಅಧ್ಯಯನಕ್ಕೂ ಬಳಸಿದರು.

ಹಾಗಾದರೆ ಕುಡಿತಕ್ಕೆ ಹೊಣೆ ಯಾರು, ನೋವೇ ಅಥವಾ ಕುಡಿಯುವವನೇ? ಅಂಕ ಇದನ್ನು ಹೇಳದು. ಕೆಲಸ ಹೋದದ್ದಕ್ಕೆ 47 ಅಂಕ. ಆದರೆ ಕುಡಿತದಿಂದಲೇ ಕೆಲಸ ಹೋಗಿರಲೂಬಹುದು. ಒಂದೇ ಮೊತ್ತದ ಇಬ್ಬರಲ್ಲಿ ಒಬ್ಬ ಬಾಟಲಿ ಹಿಡಿಯುತ್ತಾನೆ, ಇನ್ನೊಬ್ಬ ಹಿಡಿಯುವುದಿಲ್ಲ. ಭಾರವನ್ನು ಅಳೆದ ಆ ಪಟ್ಟಿ, ಹೆಗಲು ಕೊಟ್ಟವರನ್ನು ಎಣಿಸಲಿಲ್ಲ.

ಆದ್ದರಿಂದ ಅಂಕ ನೋಡಿ ತೀರ್ಪು ಕೊಡುವುದು ಬೇಡ, ಮನೆಗೆ ಹೋಗೋಣ. ಸಾವಾದ ಮನೆಗೆ ತಿಂಗಳ ಪೂಜೆ ಮುಗಿದ ಮೇಲೂ ಹೋಗೋಣ.