ಕೀಲಿಯ ಉದ್ದ

ಊರಿಗೆಲ್ಲ ಕೇಳುವಂತೆ ಆಡಿದ ಮಾತು ಒಬ್ಬನಿಗೆ ಮಾತ್ರ ಅರ್ಥವಾದರೆ, ಆ ಅರ್ಥ ಇದ್ದದ್ದು ಮಾತಿನಲ್ಲೋ ಕೇಳಿದವನಲ್ಲೋ? ಧರ್ಮಗ್ರಂಥಗಳಲ್ಲಿ ಗೂಢಾರ್ಥ ಅಡಗಿದೆ ಎನ್ನುವವರೆಲ್ಲ ಎದುರಿಸಬೇಕಾದ ಪ್ರಶ್ನೆ ಇದು. ಇದಕ್ಕೆ ಒಂದು ನಿಷ್ಠುರ ಉತ್ತರ ಶಾರ್ಟ್‌ವೇವ್ ರೇಡಿಯೊದಿಂದ ಬಂದಿದೆ. 3ರಿಂದ 30 ಮೆಗಾಹರ್ಟ್ಸ್‌ವರೆಗಿನ ಈ ಅಲೆಗಳು ಮೇಲಿನ ಅಯಾನುಗೋಳದಿಂದ ಬಾಗಿ ನೆಲಕ್ಕೆ ಮರಳುತ್ತ ಖಂಡಗಳನ್ನೇ ದಾಟುತ್ತವೆ. ಯಲಹಂಕದ ಆಕಾಶವಾಣಿ ಟ್ರಾನ್ಸ್‌ಮಿಟರುಗಳಿಂದ ಹೊರದೇಶಗಳಿಗೆ ಹೋದ ಪ್ರಸಾರ ಹಿಡಿದದ್ದೂ ಇದೇ ದಾರಿ. 2008ರವರೆಗೆ ಸೈಪ್ರಸ್‌ನಿಂದ ಹೊರಡುತ್ತಿದ್ದ ಒಂದು ಪ್ರಸಾರದಲ್ಲಿ ಇಂಗ್ಲಿಷ್ ಜಾನಪದ ಗೀತೆಯ ತುಣುಕು ಮೊಳಗುತ್ತಿತ್ತು, ಬಳಿಕ ಹೆಣ್ಣುದನಿಯೊಂದು ಐದೈದು ಅಂಕಿಗಳ ಗುಂಪುಗಳನ್ನು ಓದುತ್ತಿತ್ತು. ಅದು ಬ್ರಿಟಿಷ್ ಗುಪ್ತಚರರದ್ದೆಂದು ಎಲ್ಲರ ಊಹೆ. ಅಲೆ ಸಿಕ್ಕಿದ್ದರೆ ಅರಿಶಿನಕುಂಟೆಯ ಮನೆಯೊಂದರ ಹಳೆಯ ಟ್ರಾನ್ಸಿಸ್ಟರಿನಲ್ಲೂ ಅದು ಕೇಳಬಹುದಿತ್ತು. ಕೇಳಿದವರು ಯಾರೆಂಬುದಕ್ಕೆ ಗುರುತೇ ಉಳಿಯದು. ಅಮೆರಿಕದ ರಕ್ಷಣಾ ಗುಪ್ತಚರ ಸಂಸ್ಥೆಯಲ್ಲಿದ್ದುಕೊಂಡು ಕ್ಯೂಬಾಕ್ಕೆ ದುಡಿದ ಅನಾ ಮಾಂಟೆಸ್‌ಗೆ, 2001ರಲ್ಲಿ ಸೆರೆಯಾಗುವವರೆಗೆ, ಆದೇಶಗಳು ಬರುತ್ತಿದ್ದದ್ದು ಹೀಗೆಯೇ.

ಕಿವಿಗೆ ಬೀಳುವ ಆ ಅಂಕಿಗಳಲ್ಲಿ ಏನಿದೆ? 74192 ಎಂದು ಕೇಳಿತೆನ್ನಿ. ಏಜೆಂಟನ ಬಳಿ ಒಮ್ಮೆ ಮಾತ್ರ ಬಳಸಿ ಸುಟ್ಟುಹಾಕುವ ಕೀಲಿಹಾಳೆ ಇದೆ. ಅದರಲ್ಲಿ 31140 ಎಂದಿದ್ದರೆ, ದಶಕ ತೆಗೆದುಕೊಳ್ಳದೆ ಅಂಕಿಗೆ ಅಂಕಿ ಕಳೆದಾಗ 43052 ಉಳಿಯುತ್ತದೆ. ಹಾಳೆಯಲ್ಲಿ 60581 ಎಂದಿದ್ದರೆ 14611. ಮೊದಲನೆಯದಕ್ಕೆ ‘ಬಾ’ ಎಂದೂ ಎರಡನೆಯದಕ್ಕೆ ‘ಓಡಿಹೋಗು’ ಎಂದೂ ಅರ್ಥವಿರಬಹುದು. ಕೀಲಿ ಸಂದೇಶದಷ್ಟೇ ಉದ್ದವಿದ್ದು, ಗೊತ್ತುಗುರಿಯಿಲ್ಲದ ಅಂಕಿಗಳಿಂದಾಗಿ, ಒಮ್ಮೆ ಮಾತ್ರ ಬಳಕೆಯಾದರೆ, ಕೇಳಿದ ಅಂಕಿಗಳಿಂದ ಅಷ್ಟು ಉದ್ದದ ಯಾವ ಸಂದೇಶವನ್ನಾದರೂ ಹೊರಡಿಸಬಹುದು, ಒಂದಕ್ಕಿಂತ ಇನ್ನೊಂದು ಹೆಚ್ಚು ನಿಜವೆನ್ನಲು ಆಧಾರವೇ ಇರದು. ಕ್ಲಾಡ್ ಶಾನನ್ 1949ರಲ್ಲಿ ಇದನ್ನು ಗಣಿತದಿಂದಲೇ ಸ್ಥಾಪಿಸಿದ. ಸೋವಿಯತ್ ಗೂಢಲಿಪಿಕಾರರು ಯುದ್ಧಕಾಲದ ಒತ್ತಡದಲ್ಲಿ ಕೀಲಿಹಾಳೆಗಳನ್ನು ಎರಡೆರಡು ಬಾರಿ ಬಳಸಿದರು. ಅದೇ ಬಿರುಕಿನಿಂದ ಅಮೆರಿಕನ್ನರು ಅವರ ಸಾವಿರಾರು ತಂತಿಗಳಲ್ಲಿ ಕೆಲವನ್ನು ಓದಿದರು. ಒಂದೇ ಕೀಲಿ ಎರಡು ಕಡೆ ಕೆಲಸ ಮಾಡಿದಾಗ ಓದು ಸರಿಯೋ ತಪ್ಪೋ ಎಂದು ತಿಳಿಯುವ ದಾರಿ ತೆರೆಯುತ್ತದೆ. ಹಾಗಾಗಿ ಗೂಢಾರ್ಥದ ವಿಷಯದಲ್ಲಿ ಮೊದಲು ಅಳೆಯಬೇಕಾದದ್ದು ಕೀಲಿಯ ಉದ್ದವನ್ನು.

ಕನ್ನಡದಲ್ಲಿ ಈ ಅಳತೆಗೆ ಸಿರಿಭೂವಲಯಕ್ಕಿಂತ ತಕ್ಕ ಗ್ರಂಥ ಬೇರಿಲ್ಲ. ನಂದಿಬೆಟ್ಟದ ಬಳಿಯ ಯಲವಳ್ಳಿಯವನೆಂದು ಹೇಳಲಾಗುವ ಜೈನಮುನಿ ಕುಮುದೇಂದುವಿನ ಹೆಸರಿನಲ್ಲಿರುವ ಈ ಕೃತಿ ಪೂರ್ತಿ ಅಂಕಿಗಳಲ್ಲಿದೆ. ಇದರ ಕಾಲ ಒಂಬತ್ತನೆಯ ಶತಮಾನವೆಂಬ ಮಾತನ್ನು ಹಲವು ವಿದ್ವಾಂಸರು ಒಪ್ಪುವುದಿಲ್ಲ, ಭಾಷೆ ಅಷ್ಟು ಹಳೆಯದಲ್ಲವೆಂಬುದು ಅವರ ಆಕ್ಷೇಪ. ದೊಡ್ಡಬೆಲೆಯ ಧರಣೇಂದ್ರ ಪಂಡಿತರ ಮನೆಯಿಂದ ಹಸ್ತಪ್ರತಿಯನ್ನು ಪಡೆದ ಯಲ್ಲಪ್ಪ ಶಾಸ್ತ್ರಿಗಳು ಕರ್ಲಮಂಗಲಂ ಶ್ರೀಕಂಠಯ್ಯನವರ ಜೊತೆಗೂಡಿ 1953ರಲ್ಲಿ ಅಚ್ಚಿಗೆ ತಂದರು. ಅಡ್ಡ 27, ಉದ್ದ 27, ಒಟ್ಟು 729 ಮನೆಗಳ ಚಕ್ರ. ಒಂದೊಂದು ಮನೆಯಲ್ಲಿ 1ರಿಂದ 64ರೊಳಗಿನ ಒಂದು ಅಂಕಿ, ಒಂದೊಂದು ಅಂಕಿಗೆ ಒಂದು ಧ್ವನಿ. ಬಂಧವೆಂಬ ಗೊತ್ತಾದ ಹಾದಿಯಲ್ಲಿ ಮನೆಯಿಂದ ಮನೆಗೆ ಸಾಗಿದರೆ ಕನ್ನಡ ಸಾಂಗತ್ಯ ಹೊರಡುತ್ತದೆ. ಪದ್ಯಗಳ ಮೊದಲಕ್ಷರಗಳನ್ನು ಮೇಲಿಂದ ಕೆಳಕ್ಕೆ ಓದಿದರೆ ಪ್ರಾಕೃತ, ನಡುವಿನಕ್ಷರಗಳನ್ನು ಓದಿದರೆ ಸಂಸ್ಕೃತ. ಇಲ್ಲಿ ಕೀಲಿ ಗಿಡ್ಡ: 64 ಧ್ವನಿಗಳ ಒಂದು ಪಟ್ಟಿ, ನಡೆಯಬೇಕಾದ ಒಂದು ಹಾದಿ. ಅಷ್ಟೇ ಕೀಲಿಯಿಂದ 729 ಮನೆಗಳೂ ಛಂದಸ್ಸಿಗೆ ಕೂಡಿಬರುವುದು ಆಕಸ್ಮಿಕವಾಗಿ ಆಗುವ ಮಾತಲ್ಲ. ಬರೆದವರ ಕಾಲ ಯಾವುದೇ ಇರಲಿ, ಆ ಪದ್ಯಗಳನ್ನು ಅಲ್ಲಿ ಇಟ್ಟದ್ದು ಮನುಷ್ಯಬುದ್ಧಿಯೇ, ಮತ್ತು ಅದೊಂದು ಬೆರಗಿನ ಕೆಲಸ.

ಇದೇ ಗ್ರಂಥದಲ್ಲಿ ಅಣುವಿಜ್ಞಾನವಿದೆ, ವಿಮಾನವಿದೆ, 718 ಭಾಷೆಗಳಿವೆ ಎನ್ನುವಾಗ ಮಾತ್ರ ಕೀಲಿ ಉದ್ದವಾಗತೊಡಗುತ್ತದೆ. ಈ ಮನೆ ಬಿಡಿ, ಆ ಸಾಲು ಹಿಂದುಮುಂದಾಗಿ ಓದಿ, ಈ ಪದವನ್ನು ಇಂದಿನ ಅರ್ಥದಲ್ಲಿ ಹಿಡಿಯಿರಿ ಎಂದು ಓದುಗ ಹೆಜ್ಜೆಹೆಜ್ಜೆಗೂ ಹೊಸ ನಿಯಮ ಸೇರಿಸುತ್ತ ಹೋದರೆ, ಕೊನೆಗೆ ಸಿಗುವುದು ಅವನೇ ತಂದಿಟ್ಟದ್ದು. ನಿಯಮಗಳು ಫಲದಷ್ಟೇ ಉದ್ದವಾದ ದಿನ ಚಕ್ರದಲ್ಲಿ ಯಾವ ಅಂಕಿಗಳಿದ್ದರೂ ನಡೆಯುತ್ತದೆ. ವೇದದಲ್ಲಿ, ಬೈಬಲಿನಲ್ಲಿ, ಕುರಾನಿನಲ್ಲಿ ವಿಜ್ಞಾನ ಹುಡುಕುವ ಓದುಗಳಿಗೂ ಇದೇ ಅಳತೆ.

ಧಾರ್ಮಿಕ ಅರ್ಥ ಸಾಧನೆಯಿಂದ ತೆರೆಯುವಂಥದ್ದು, ಅದನ್ನು ಗಣಿತದ ತಕ್ಕಡಿಗೆ ಹಾಕುವುದು ಸಲ್ಲದು ಎಂಬ ಆಕ್ಷೇಪ ಬರುತ್ತದೆ. ಆಕ್ಷೇಪ ಹಗುರದ್ದಲ್ಲ. ಅಲ್ಲಮನ ಬೆಡಗಿನ ವಚನಕ್ಕೆ ಪಟ್ಟಿ ಹಿಡಿದು ಸಂಖ್ಯೆಗೆ ಸಂಖ್ಯೆ ಹೊಂದಿಸಿದವನು ವಚನವನ್ನು ಓದಿದಂತಲ್ಲ; ಬದುಕು ಮಾಗಿದಂತೆ ಅದು ಬೇರೆಯಾಗಿ ಕೇಳುತ್ತದೆ, ನಿಜ. ಆದರೆ ಹಾಗೆ ತೆರೆದ ಅರ್ಥ ಪ್ರಾಚೀನ ವಿಜ್ಞಾನಕ್ಕೆ ಪುರಾವೆಯೆಂದು ಹಾಜರಾಗುವುದಿಲ್ಲ. ಪುರಾವೆಯಾಗಬೇಕಾದರೆ ಪರೀಕ್ಷೆಗೆ ಒಳಗಾಗಬೇಕು. ಜೈನರ ದಿವ್ಯಧ್ವನಿಯ ಕಲ್ಪನೆಯನ್ನೇ ನೋಡಿ: ಸಮವಸರಣವೆಂಬ ಉಪದೇಶಸಭೆಯಲ್ಲಿ ತೀರ್ಥಂಕರನಿಂದ ಹೊಮ್ಮುವ ಒಂದೇ ನಾದ 18 ಮಹಾಭಾಷೆಗಳಲ್ಲಿ, 700 ಕ್ಷುಲ್ಲಕಭಾಷೆಗಳಲ್ಲಿ ಅವರವರಿಗೆ ಅವರವರ ನುಡಿಯಾಗಿ ಮುಟ್ಟುತ್ತದೆ, ಪ್ರಾಣಿಗಳಿಗೂ ಸಹ. ಸಿರಿಭೂವಲಯದ 718ರ ಮೂಲ ಇದೇ ಎಂಬುದು ಸ್ಪಷ್ಟ. ಗುಪ್ತಚರರ ಪ್ರಸಾರ ಎಲ್ಲರಿಗೂ ಕೇಳಿ ಒಬ್ಬನಿಗೇ ದಕ್ಕಿದರೆ ಇದು ಕೇಳಿದವರಿಗೆಲ್ಲ ದಕ್ಕುತ್ತದೆ, ಕೀಲಿಯನ್ನೇ ಬೇಡದು. ಕರುಣೆಯ ಕುರಿತ ಇಂಥ ದರ್ಶನವನ್ನು ಬೀಗ ಹಾಕಿದ ಪೆಟ್ಟಿಗೆಯಾಗಿಸಿ, ಬೀಗದ ಕೈ ತಮ್ಮಲ್ಲಿದೆ ಎಂದು ಯಾರಾದರೂ ಹೇಳಿಕೊಂಡರೆ ನೋವಾಗುತ್ತದೆ. ಇನ್ನೂ ಓದದಿರುವುದರಿಂದ ಅಲ್ಲಿ ಏನೂ ಇಲ್ಲವೆಂದಾಗದು ಎನ್ನುವವರಿಗೆ ನನ್ನ ಕೋರಿಕೆ ಇಷ್ಟೆ. ಯಾರೂ ಬಿಡಿಸದ ಒಂದು ಚಕ್ರವನ್ನು ಆರಿಸಿ. ಯಾವ ಬಂಧ, ಯಾವ ಮನೆಯಿಂದ ಆರಂಭ, ಯಾವ ಭಾಷೆ ಬರಬೇಕು ಎಂಬುದನ್ನು ಮೊದಲೇ ಬರೆದು ಅಚ್ಚುಹಾಕಿಸಿ. ಆಮೇಲೆ ಆ ಗ್ರಂಥದ ಬಗ್ಗೆ ಏನೂ ತಿಳಿಯದ ಇಬ್ಬರಿಂದ ಬೇರೆಬೇರೆಯಾಗಿ ಓದಿಸಿ, ಇಬ್ಬರಿಗೂ ಒಂದೇ ಪದ್ಯ ಬಂತೇ ನೋಡಿ.