ವಿಧಿ, ದೈವ ಮತ್ತು ನಮ್ಮ ಕರ್ತವ್ಯ

ಕಳಸೇಶ್ವರನ ದರ್ಶನಕ್ಕೆ ಹೋದವರು ಭದ್ರಾತೀರದ ಅಂಬುತೀರ್ಥಕ್ಕೂ ಹೋಗಿಬರುವುದು ವಾಡಿಕೆ. ಅಲ್ಲಿಯ ಹೆಬ್ಬಂಡೆಯನ್ನು ಶ್ರೀಮದಾಚಾರ್ಯರು ಒಂದೇ ಕೈಯಿಂದ ತಂದಿರಿಸಿದರೆಂದು ಶಿಲಾಲೇಖವು ಸಾರುತ್ತದೆ. 2019ರ ಆಗಸ್ಟ್ ತಿಂಗಳ ಮಹಾಮಳೆಯಲ್ಲಿ ಮೂಡಿಗೆರೆ ತಾಲ್ಲೂಕಿನ ಗುಡ್ಡಗಳು ಜರಿದು ಮನೆಗಳೂ ಕಾಫಿ ತೋಟಗಳೂ ಮಣ್ಣುಪಾಲಾದವು. ತೋಟ ಕಳೆದುಕೊಂಡ ಹಿರಿಯರೊಬ್ಬರು ಆ ಬಂಡೆಯೆದುರು ನಿಂತು ನಮ್ಮನ್ನು ಕೇಳಿದರು: "ಇದನ್ನು ಎತ್ತುವ ಬಲ ಕೊಟ್ಟ ಸ್ವಾಮಿ ನಮ್ಮ ಗುಡ್ಡವನ್ನು ಯಾಕೆ ಹಿಡಿಯಲಿಲ್ಲ, ಭಟ್ಟರೇ?" ನಾವು "ಎಲ್ಲ ವಿಧಿ" ಎಂದುಬಿಟ್ಟೆವು. ಅವರು ಮರುಮಾತಾಡದೆ ಹೊರಟುಹೋದರು. ಆ ಮೌನವು ನಮ್ಮನ್ನು ಇಂದಿಗೂ ಬಾಧಿಸುತ್ತಿದೆ.

ವಿಧಿಯೆಂದರೇನು? ಪ್ರಾಚೀನ ಗ್ರೀಕರು ಅದನ್ನು ಮೊಯಿರಾ, ಅಂದರೆ ಪಾಲು, ಎಂದು ಕರೆದರು. ಹೋಮರನ ಇಲಿಯಡ್ ಮಹಾಕಾವ್ಯದಲ್ಲಿ ದೇವರಾಜನಾದ ಸ್ಯೂಸನು ತನ್ನ ಮಗ ಸಾರ್ಪೆಡಾನನನ್ನು ಟ್ರಾಯ್ ರಣರಂಗದಿಂದ ಪಾರುಮಾಡಲೆಳಸುತ್ತಾನೆ. ಪತ್ನಿ ಹೀರಾ ಆಕ್ಷೇಪಿಸುತ್ತಾಳೆ: ನೀನು ಮಗನನ್ನುಳಿಸಿದರೆ ಉಳಿದ ದೇವತೆಗಳೂ ತಮ್ಮ ಮಕ್ಕಳನ್ನುಳಿಸಬಯಸುವರು. ಸ್ಯೂಸನು ಮಣಿದು ನೆಲಕ್ಕೆ ರಕ್ತದ ಹನಿಗಳನ್ನು ಸುರಿಸುತ್ತಾನೆ. ಅಲ್ಲಿ ದೈವವು ಮರುಗುತ್ತದೆ, ಆದರೆ ವಿಧಿಯ ಪಾಲನ್ನು ಮೀರುವುದಿಲ್ಲ.

ನಮ್ಮ ಸಿದ್ಧಾಂತದಲ್ಲಿ ಶ್ರೀಹರಿಯೊಬ್ಬನೇ ಸ್ವತಂತ್ರನು. ಅವನ ಮೇಲೆ ಇನ್ನೊಂದು ವಿಧಿಯಿಲ್ಲ. ಆದ್ದರಿಂದ ಆ ಹಿರಿಯರ ಪ್ರಶ್ನೆ ಗ್ರೀಕರಿಗಿಂತ ನಮಗೇ ಕಠಿಣವಾದುದು. ಸಮರ್ಥನಾದವನು ಸುಮ್ಮನಿದ್ದುದೇಕೆ? ಬ್ರಹ್ಮಸೂತ್ರಗಳು ವೈಷಮ್ಯ ಮತ್ತು ನೈರ್ಘೃಣ್ಯ, ಅಂದರೆ ಪಕ್ಷಪಾತ ಮತ್ತು ನಿರ್ದಯತೆ, ಎಂಬ ಆಕ್ಷೇಪವನ್ನು ತಾವೇ ಎತ್ತಿಕೊಂಡು, ಭಗವಂತನು ಜೀವರ ಕರ್ಮವನ್ನನುಸರಿಸಿ ಫಲವೀಯುವನೆಂದು ಸಮಾಧಾನ ಹೇಳಿವೆ. ಆದರೆ ಯಾರ ಯಾವ ಕರ್ಮಕ್ಕೆ ಯಾವ ಗುಡ್ಡ ಜರಿಯಿತೆಂಬುದು ಸರ್ವಜ್ಞನಿಗೆ ಮಾತ್ರ ಗೋಚರ. ನಮ್ಮ ಕಷ್ಟದಲ್ಲಿ ನಾವು "ಇದು ನಮ್ಮ ಕರ್ಮ" ಎಂದರೆ ಅದು ವಿನಯ. ನೆರೆಯವನ ಕಷ್ಟ ಕಂಡು "ಅದು ಅವನ ಕರ್ಮ" ಎಂದರೆ ಅದು ತಿಳಿಯದ್ದನ್ನು ತಿಳಿದಂತೆ ನುಡಿಯುವ ಅಹಂಕಾರ.

ಜೀವನು ಪರಾಧೀನನಾದರೂ ಕರ್ತೃವೇ. ಇಲ್ಲದಿದ್ದರೆ ಶಾಸ್ತ್ರದ ವಿಧಿನಿಷೇಧಗಳು ವ್ಯರ್ಥವಾಗುತ್ತಿದ್ದವು. ಮಹಾಭಾರತದ ಉದ್ಯೋಗಪರ್ವವನ್ನು ಸ್ಮರಿಸೋಣ. ಯುದ್ಧವು ತಪ್ಪದೆಂದು ಶ್ರೀಕೃಷ್ಣನು ಬಲ್ಲನು. ಆದರೂ ಹಸ್ತಿನಾವತಿಗೆ ಸಂಧಿಗಾಗಿ ತಾನೇ ಹೋದನು, ದುರ್ಯೋಧನನ ತುಂಬಿದ ಸಭೆಯಲ್ಲಿ ಹಿತವನ್ನೇ ನುಡಿದನು. ಮುಂದಾಗುವುದನ್ನು ಬಲ್ಲವನೇ ಪ್ರಯತ್ನವನ್ನು ಬಿಡಲಿಲ್ಲವೆಂದ ಮೇಲೆ, ಏನನ್ನೂ ಅರಿಯದ ನಮಗೆ ವಿಧಿಯ ಹೆಸರಿನಲ್ಲಿ ಕೈಕಟ್ಟಿ ಕೂರುವ ಅಧಿಕಾರವೆಲ್ಲಿಯದು?

ಅಂದು ಆ ಹಿರಿಯರಿಗೆ ನಾವು ಸಿದ್ಧಾಂತವನ್ನು ಹೇಳಬೇಕಾಗಿರಲಿಲ್ಲ. "ರಾಯರೇ, ನಮಗೂ ತಿಳಿಯದು, ಮಣ್ಣು ತೆಗೆಯುವುದಿನ್ನೆಷ್ಟು ಉಳಿದಿದೆ?" ಎಂದು ಕೇಳಿ, ಹಾರೆ ಹಿಡಿದು ಅವರೊಡನೆ ನಡೆಯಬೇಕಾಗಿತ್ತು. ಮಲೆನಾಡಿನಲ್ಲಿ ಪ್ರತಿವರ್ಷವೂ ಮಳೆಗಾಲ ಬರುತ್ತದೆ. ಹಬ್ಬದ ದಿನ ದೇವರ ಮುಂದೆ ಕೈಮುಗಿಯುವ ನಾವು, ಆಪತ್ತಿನ ದಿನ ಅದೇ ಕೈಗಳನ್ನು ನೆರೆಯವರಿಗೆ ನೀಡುವಂತೆ ಸರ್ವೇಶ್ವರನು ಪ್ರೇರಿಸಲಿ.

ಶ್ರೀಕೃಷ್ಣಾರ್ಪಣಮಸ್ತು.